ತಕ್ಕಡಿ ಹೇಳದ ರಕ್ತಹೀನತೆ

ಚೆಟ್ಟಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಇಬ್ಬರು ಹುಡುಗಿಯರಿದ್ದಾರೆ ಎಂದು ಊಹಿಸಿಕೊಳ್ಳಿ. ಒಬ್ಬಳ ತೂಕ 34 ಕಿ.ಗ್ರಾಂ, ಇನ್ನೊಬ್ಬಳದು 64. ದಿಣ್ಣೆ ಹತ್ತುವಾಗ ಇಬ್ಬರಿಗೂ ಏದುಸಿರು. ಮೊದಲನೆಯವಳಿಗೆ ‘ಚೆನ್ನಾಗಿ ಊಟ ಮಾಡು’ ಎನ್ನುತ್ತೇವೆ. ಎರಡನೆಯವಳಿಗೆ ‘ತೂಕ ಇಳಿಸು’ ಎನ್ನುತ್ತೇವೆ. ದಪ್ಪಗಿರುವವಳಿಗೂ ರಕ್ತಹೀನತೆ ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ.

ಈ ವಯಸ್ಸಿನ ಹುಡುಗಿಯರಲ್ಲಿ 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಹೀಮೊಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15-19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ ಇದು ಇತ್ತು.

ಕಾರಣ ತಿಳಿಯಲು ಒಂದು ಲೆಕ್ಕ ಮಾಡೋಣ. ಒಂದು ವರ್ಷದಲ್ಲಿ ಹುಡುಗಿಯ ತೂಕ 5 ಕಿ.ಗ್ರಾಂ ಹೆಚ್ಚಿತು ಎನ್ನಿ. ಕಿಲೋಗ್ರಾಂಗೆ 65 ಮಿ.ಲೀ.ನಂತೆ 325 ಮಿ.ಲೀ. ಹೊಸ ರಕ್ತ ಬೇಕು. ಅದರಲ್ಲಿ 39 ಗ್ರಾಂ ಹೀಮೊಗ್ಲೋಬಿನ್ ಇರಬೇಕು. ಪ್ರತಿ ಗ್ರಾಂ ಹೀಮೊಗ್ಲೋಬಿನ್‌ನಲ್ಲಿ 3.4 ಮಿ.ಗ್ರಾಂ ಕಬ್ಬಿಣವಿರುವುದರಿಂದ ಬೇಕಾದ ಕಬ್ಬಿಣ ಸುಮಾರು 133 ಮಿ.ಗ್ರಾಂ, ಅಂದರೆ ದಿನಕ್ಕೆ 0.36. ಮುಟ್ಟಿನಲ್ಲಿ ತಿಂಗಳಿಗೆ 35 ಮಿ.ಲೀ. ರಕ್ತ ಹೋದರೆ ದಿನದ ಸರಾಸರಿ ನಷ್ಟ ಸುಮಾರು 0.5. ಚರ್ಮ, ಕರುಳಿನ ಕೋಶಗಳು ಉದುರುವುದರಿಂದ ಸುಮಾರು 0.7. ಒಟ್ಟು ದಿನಕ್ಕೆ ಸುಮಾರು 1.56 ಮಿ.ಗ್ರಾಂ ಆಯಿತು. ಸಸ್ಯಾಹಾರದ ಕಬ್ಬಿಣದಲ್ಲಿ ಶೇಕಡ 5 ಮಾತ್ರ ರಕ್ತಕ್ಕೆ ಸೇರಿದರೆ ಊಟದಲ್ಲಿ ಸುಮಾರು 31 ಮಿ.ಗ್ರಾಂ ಇರಬೇಕು! 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿ 1 ಮಿ.ಗ್ರಾಂ ಕೂಡ ಇರುವುದಿಲ್ಲ. ರಾಗಿಯಲ್ಲಿ 4ಕ್ಕಿಂತ ಹೆಚ್ಚಿದೆ.

ತೆಳ್ಳಗಿನ ಹುಡುಗಿಗೆ ಊಟವೇ ಕಡಿಮೆ. ಆದ್ದರಿಂದ ಕಬ್ಬಿಣದ ಜೊತೆಗೆ ಪ್ರೋಟೀನು, ಫೋಲಿಕ್ ಆಮ್ಲಗಳೂ ಕಡಿಮೆ. ದಪ್ಪಗಿನವಳ ತೊಂದರೆ ಬೇರೆ. ಅನ್ನ, ಕರಿದ ತಿಂಡಿಗಳಿಂದ ಕ್ಯಾಲೊರಿ ಸಿಗುತ್ತದೆ, ಕಬ್ಬಿಣ ಸಿಗುವುದಿಲ್ಲ. ಜೊತೆಗೆ ಹೆಚ್ಚುವರಿ ಕೊಬ್ಬು ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತವನ್ನು ಉಂಟುಮಾಡುತ್ತದೆ. ಆಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತದೆ. ಇದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಸಾಗುವ ಬಾಗಿಲನ್ನು ಮುಚ್ಚುತ್ತದೆ. ತಿಂದ ಕಬ್ಬಿಣವೂ ಒಳಗೆ ಹೋಗದು.

ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ಇದೆ, ಕೊಡಗಿನ ಕಿತ್ತಳೆಯ ಮೇಲೆ ಕೆಲಸ ಮಾಡುವ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ನಮ್ಮ ವಿಷಯದಲ್ಲಿ ಈ ಎರಡು ಬೆಳೆಗಳು ಪರಸ್ಪರ ವಿರುದ್ಧ! ಕಾಫಿಯ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇಕಡ 39 ತಗ್ಗಿಸಿತು. ಊಟವಾದ ಒಂದು ಗಂಟೆಯ ನಂತರ ಕುಡಿದರೂ ಅಷ್ಟೇ ತೊಂದರೆ. ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಿಲ್ಲ. ಕಿತ್ತಳೆಯ ವಿಟಮಿನ್ ‘ಸಿ’ ಹೀರಿಕೆಯನ್ನು ಹೆಚ್ಚಿಸುತ್ತದೆ.

ಶಿಕ್ಷಕರಲ್ಲಿ ಒಂದು ಮಾತು. 2018ರ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಂತೆ ವಾರಕ್ಕೊಂದು ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣವಿರುತ್ತದೆ. ಅದನ್ನು ಊಟದ ನಂತರ ನೀರಿನೊಂದಿಗೆ ನುಂಗಿಸಿ, ಕಾಫಿಯೊಂದಿಗೆ ಬೇಡ. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುವುದರಿಂದ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ರಕ್ತಹೀನತೆಗೆ ಕುಡುಗೋಲು ಕಣದಂಥ ಆನುವಂಶಿಕ ಕಾರಣಗಳೂ ಇರುವುದರಿಂದ, ಮಾತ್ರೆಯಿಂದ ಸುಧಾರಿಸದವರನ್ನು ವೈದ್ಯರಿಗೆ ತೋರಿಸಬೇಕು. ಪರೀಕ್ಷೆಗೆ ಹೆಸರು ಬರೆಯುವಾಗ ತೆಳ್ಳಗಿನವರ ಜೊತೆಗೆ ದಪ್ಪಗಿನವರ ಹೆಸರನ್ನೂ ಬರೆಯಿರಿ. ತಕ್ಕಡಿ ತೂಕವನ್ನಷ್ಟೇ ಹೇಳುತ್ತದೆ. ಹೀಮೊಗ್ಲೋಬಿನ್ ತಿಳಿಯಲು ಒಂದು ಹನಿ ರಕ್ತವೇ ಬೇಕು.