ಅವಮೋದರ್ಯ: ಕಾಣದಿರುವ ತಪಸ್ಸು

ಜೈನ ದರ್ಶನವು ತಪಸ್ಸನ್ನು ಬಾಹ್ಯ, ಅಭ್ಯಂತರ ಎಂದು ಎರಡಾಗಿ ವಿಂಗಡಿಸಿ ಒಂದೊಂದರಲ್ಲಿಯೂ ಆರು ಭೇದಗಳನ್ನು ಹೇಳುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಬಾಹ್ಯ ತಪಗಳ ಪೈಕಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು: ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಇವುಗಳಲ್ಲಿ ಅನಶನವನ್ನು, ಎಂದರೆ ಉಪವಾಸವನ್ನು, ಎಲ್ಲರೂ ಬಲ್ಲರು. ಅವಮೋದರ್ಯಕ್ಕೆ ಅಷ್ಟು ಗೌರವ ದೊರೆತಿಲ್ಲ.

ಹಸಿವು ಪೂರ್ತಿ ತೀರುವ ಮೊದಲೇ ಊಟವನ್ನು ನಿಲ್ಲಿಸುವುದು ಅವಮೋದರ್ಯ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯರದು 28 ತುತ್ತು ಎಂದು ಶಾಸ್ತ್ರಕಾರರು ಲೆಕ್ಕವಿಟ್ಟು, ಅದರಲ್ಲಿ ಒಂದು ತುತ್ತು ಕಡಿಮೆ ಉಂಡರೂ ಅದು ತಪಸ್ಸೇ ಎಂದರು. ಹೊಟ್ಟೆಯ ಅರ್ಧಭಾಗ ಅನ್ನಕ್ಕೆ, ಕಾಲುಭಾಗ ನೀರಿಗೆ, ಉಳಿದ ಕಾಲುಭಾಗ ವಾಯುಸಂಚಾರಕ್ಕೆ ಎಂಬ ನಿಯಮವೂ ಉಂಟು. ಉಪವಾಸಕ್ಕೆ ಸನ್ಮಾನವಿದೆ, ಪಾರಣೆಯ ಸಂಭ್ರಮವಿದೆ. ಎಲೆಯ ಮುಂದೆ ಕುಳಿತು ಕೈ ತಡೆಯುವವನನ್ನು ಯಾರೂ ಗುರುತಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಗೃಹಸ್ಥನಿಗೆ ಇದೇ ಹೆಚ್ಚು ಕಠಿಣ.

ವಯಸ್ಸಾದಂತೆ ದೇಹಕ್ಕೆ ಬೇಕಾದ ಶಕ್ತಿಯ ಪ್ರಮಾಣ ಇಳಿಯುತ್ತದೆ. ಆದರೆ ಮೂವತ್ತರ ಹರೆಯದ ನಾಲಗೆ ಎಪ್ಪತ್ತರಲ್ಲಿಯೂ ಹಾಗೆಯೇ ಇರುತ್ತದೆ. ಬೊಜ್ಜು, ಮಧುಮೇಹ, ರಕ್ತದೊತ್ತಡಗಳಿಗೆ ಇದು ದಾರಿ. ರಸಪರಿತ್ಯಾಗದಲ್ಲಿ ಬಿಡಬೇಕೆಂದು ಹೇಳಿದ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರರಲ್ಲಿ ಕೊನೆಯ ಮೂರನ್ನು ಮಿತಗೊಳಿಸಿರೆಂದು ವೈದ್ಯರೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಲ್ಲದೆ ಊಟ ಸೇರದವರು ಇದನ್ನು ಯೋಚಿಸಬೇಕು. ಕಂದಮೂಲ ಬಿಟ್ಟ ಮಾತ್ರಕ್ಕೆ ಕರಿದ ತಿಂಡಿ ಪಥ್ಯವಾಗುವುದಿಲ್ಲ!

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅವಮೋದರ್ಯವೆಂದರೆ ಅಪೌಷ್ಟಿಕತೆಯಲ್ಲ. ಅರವತ್ತರ ನಂತರ ಮಾಂಸಖಂಡಗಳು ಕ್ಷೀಣಿಸುತ್ತವೆ. ಬೇಳೆಕಾಳುಗಳನ್ನು ಕಡಿತಗೊಳಿಸಿ ಬರಿಯ ಅನ್ನ-ಸಾರಿನಲ್ಲಿ ಕಾಲಹಾಕುವ ವೃದ್ಧರು ನಡೆಯಲು ಶಕ್ತಿಯಿಲ್ಲದೆ ಬೀಳುತ್ತಾರೆ. ಬಿ12 ಜೀವಸತ್ವ ಸಸ್ಯಾಹಾರಿಗಳಿಗೆ ಮುಖ್ಯವಾಗಿ ದೊರೆಯುವುದು ಹಾಲು-ಮೊಸರುಗಳಿಂದ. ಮುಪ್ಪಿನಲ್ಲಿ ದೇಹ ಅದನ್ನು ಹೀರಿಕೊಳ್ಳುವುದೂ ಕಡಿಮೆ. ಪಾದಗಳು ಜೋಮುಗಟ್ಟಿದರೆ, ಮರೆವು ಹೆಚ್ಚಿದರೆ ರಕ್ತಪರೀಕ್ಷೆ ಮಾಡಿಸುವುದು ಒಳಿತು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ದಶಲಕ್ಷಣ ಪರ್ವದಲ್ಲಿ ನೆರೆಯವರ ಮುಂದೆ ಹಿಂದೆ ಬೀಳಬಾರದೆಂಬ ಹಠಕ್ಕೆ ಇಂತಹವರು ಬಲಿಯಾಗಬಾರದು. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ‘ಶಕ್ತಿತಃ ತಪ’ ಎಂಬುದೊಂದು. ಶಕ್ತಿಗೆ ತಕ್ಕ ತಪಸ್ಸು ಎಂದೇ ಅದರ ಅರ್ಥ.

ವೈದ್ಯಕ್ಕೂ ವ್ರತಕ್ಕೂ ವಿರೋಧವಿಲ್ಲವೆಂಬುದಕ್ಕೆ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವೇ ಸಾಕ್ಷಿ. ಮದ್ಯ, ಮಾಂಸ, ಮಧುಗಳನ್ನು ಬಳಸದೆ ಚಿಕಿತ್ಸೆ ಹೇಳುವ ಸಂಸ್ಕೃತ ಗ್ರಂಥವದು. ರೋಗಿಯನ್ನು ಹಸಿವಿನಲ್ಲಿ ಬಿಡದೆ, ಔಷಧವನ್ನೇ ಅಹಿಂಸೆಗೆ ಒಗ್ಗಿಸಿದರು ಆಚಾರ್ಯರು.

ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮ ಜೀವದಯೆಗಾಗಿ ಹುಟ್ಟಿದ್ದು. ಮಲಗುವ ಹೊತ್ತಿಗೆ ಹೊಟ್ಟೆ ಹಗುರಾಗಿ ಎದೆಯುರಿ ತಗ್ಗುವುದು ಅದರ ಜೊತೆಗೆ ಬಂದ ಲಾಭ. ಊಟಕ್ಕೂ ನಿದ್ರೆಗೂ ನಡುವಿನ ಬಿಡುವಿನಲ್ಲಿ ಬಸದಿಯವರೆಗೆ ನಡೆದುಬರಬಹುದು. 48 ನಿಮಿಷಗಳ ಸಾಮಾಯಿಕಕ್ಕೂ ಸಮಯ ಸಾಲುತ್ತದೆ.

ಬಡಿಸುವ ಸೊಸೆಯಂದಿರಿಗೆ, ಮಕ್ಕಳಿಗೆ ಒಂದು ಮಾತು: ಹಿರಿಯರು ಎಲೆಗೆ ಕೈ ಅಡ್ಡ ಹಿಡಿದಾಗ ‘ಇನ್ನೊಂದೇ ಹೋಳಿಗೆ’ ಎಂದು ಒತ್ತಾಯಿಸಬೇಡಿರಿ. ಬದಲಿಗೆ, ಅವರು ಊಟಕ್ಕೆ ಕುಳಿತೊಡನೆ ಮೊದಲು ಒಂದು ಸೌಟು ಗಟ್ಟಿ ತೊವ್ವೆಯನ್ನು ಬಡಿಸಿರಿ.