ಗಣಕದ ದಿನದರ್ಶಿಕೆಗೆ ನಮ್ಮ ತಿಥಿಗಳ ಪರಿಚಯ

ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳು ಅಚ್ಚಾಗಿಯೇ ಬರುತ್ತವೆ. ಗಣಕಯಂತ್ರದ ದಿನದರ್ಶಿಕೆಯನ್ನಾದರೋ ನಾವೇ ಸಜ್ಜುಗೊಳಿಸಬೇಕು. ಉಚಿತವಾಗಿ ದೊರೆಯುವ ಮೊಜಿಲ್ಲಾ ಥಂಡರ್‌ಬರ್ಡ್ ತಂತ್ರಾಂಶವನ್ನು ಉದಾಹರಣೆಯಾಗಿ ನೋಡೋಣ. 2020ರಲ್ಲಿ ಬಂದ 78ನೆಯ ಆವೃತ್ತಿಯಿಂದ ದಿನದರ್ಶಿಕೆಯು ಅದರ ಅವಿಭಾಜ್ಯ ಅಂಗವಾಗಿದೆ.

ಅದರ ಸೆಟ್ಟಿಂಗ್ಸ್‌ನ ಕ್ಯಾಲೆಂಡರ್ ವಿಭಾಗದಲ್ಲಿ ವಾರದ ಮೊದಲ ದಿನ, ಕೆಲಸದ ದಿನಗಳು, ದಿನದ ಆರಂಭ ಹಾಗೂ ಮುಕ್ತಾಯದ ವೇಳೆ ಇವುಗಳನ್ನು ನಿಗದಿಪಡಿಸಬಹುದು. ಕಚೇರಿ, ಮನೆ, ಹಬ್ಬಗಳಿಗೆಂದು ಪ್ರತ್ಯೇಕ ದಿನದರ್ಶಿಕೆಗಳನ್ನು ರಚಿಸಿ, ಒಂದೊಂದಕ್ಕೆ ಒಂದೊಂದು ಬಣ್ಣ ಕೊಡಬಹುದು; ಬೇಡವೆನಿಸಿದಾಗ ಮರೆಮಾಡಬಹುದು. ಶೀರ್ಷಿಕೆಗಳನ್ನು ಕನ್ನಡದಲ್ಲಿಯೇ ಬರೆಯಬಹುದು.

ಎಚ್ಚರ ವಹಿಸಬೇಕಾದುದು ಪುನರಾವರ್ತನೆಯ ವಿಷಯದಲ್ಲಿ. ನವೆಂಬರ್ 1ರ ರಾಜ್ಯೋತ್ಸವಕ್ಕೆ ‘ಪ್ರತಿವರ್ಷ’ ಎಂಬ ಆಯ್ಕೆ ಸರಿಯೇ. ಆದರೆ ಚಾಂದ್ರಮಾನ ಯುಗಾದಿಯು 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19ರಂದು ಬಂದಿತು. ಹಿರಿಯರ ಶ್ರಾದ್ಧದ ತಿಥಿಯೂ ಹೀಗೆಯೇ ಸರಿಯುತ್ತದೆ. ಯಂತ್ರವನ್ನೇ ನಂಬಿದರೆ ತಪ್ಪು ದಿನ ನೆನಪಿಸೀತು. ಆದುದರಿಂದ ಹೊಸ ಪಂಚಾಂಗ ಕೈಸೇರಿದೊಡನೆ ವರ್ಷದ ತಿಥಿಗಳನ್ನೆಲ್ಲ ಒಮ್ಮೆಗೇ ನಮೂದಿಸುವುದು ಕ್ಷೇಮ.

ಊರಿನಿಂದ ದೂರವಿರುವವರಿಗೆ ಹಿಂದಿನ ದಿನದ ನೆನಪೋಲೆ ಸಾಲದು. ರೈಲು ಟಿಕೆಟಿನ ಮುಂಗಡ ಅವಧಿಯು 2024ರ ನವೆಂಬರ್‌ನಿಂದ 60 ದಿನಗಳಿಗೆ ಇಳಿದಿದೆ. ಹಾಗಾಗಿ ಹಬ್ಬಕ್ಕೆ 65 ದಿನ ಮೊದಲೇ ಎಚ್ಚರಿಸುವಂತೆ ಹೊಂದಿಸಿರಿ. ಕೊನೆಗೆ ಆ ದಿನದರ್ಶಿಕೆಯನ್ನು ಐಸಿಎಸ್ ಕಡತವಾಗಿ ಉಳಿಸಿ ಬಂಧುಗಳಿಗೂ ಕಳುಹಿಸಿರಿ. ಒಬ್ಬರ ಶ್ರಮ ಇಡೀ ಕುಟುಂಬಕ್ಕೆ ಒದಗುವುದು.