ರಾಜ್ಯಸಂಕ್ರಮಣವೂ ಪ್ರಜೆಗಳ ನಡತೆಯೂ: ಹೊಯ್ಸಳ ಶಾಸನಗಳ ಸಾಕ್ಷ್ಯ

ಅರಸರ ವಂಶಾವಳಿಯನ್ನೂ ಯುದ್ಧಗಳ ಕಾಲವನ್ನೂ ನಿರ್ಣಯಿಸುವುದಕ್ಕೆ ಶಾಸನಗಳು ಮುಖ್ಯ ಸಾಧನಗಳೆಂಬುದು ಸರ್ವವಿದಿತವಾದ ವಿಷಯ. ಆದರೆ ರಾಜ್ಯವು ಕೈಬದಲಾಗುವ ಸಮಯದಲ್ಲಿ, ಮುಂದೇನಾಗುವುದೋ ಎಂಬ ಸಂದೇಹವು ನಾಡನ್ನು ಆವರಿಸಿದಾಗ, ಜನರು ಹೇಗೆ ನಡೆದುಕೊಂಡರೆಂಬುದಕ್ಕೂ ಅವುಗಳಲ್ಲಿ ಸಾಕ್ಷ್ಯವುಂಟು. ಅರಸೀಕೆರೆ, ಬೇಲೂರು, ಹಳೆಯಬೀಡುಗಳ ಪ್ರಾಂತವು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. ಕ್ರಿ. ಶ. ೧೨ನೆಯ ಶತಮಾನದ ಕೊನೆಯಿಂದ ೧೪ನೆಯ ಶತಮಾನದ ಮೊದಲ ಭಾಗದವರೆಗೆ ಇಲ್ಲಿಯ ಜನರು ನೆರೆರಾಜ್ಯದ ಪತನವನ್ನೂ, ತಮ್ಮ ರಾಜ್ಯದ ವಿಭಾಗವನ್ನೂ, ರಾಜಧಾನಿಯ ಮುತ್ತಿಗೆಯನ್ನೂ ಕ್ರಮವಾಗಿ ಕಂಡರು.

ಈ ಪ್ರಶ್ನೆಯು ಪ್ರಾಚೀನಕಾಲಕ್ಕೆ ಮಾತ್ರ ಸೇರಿದುದಲ್ಲ. ೨೦೧೬ನೆಯ ಜೂನ್ ೨೩ರಂದು ಬ್ರಿಟನ್ನಿನ ಮತದಾರರು ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ಶೇಕಡ ೫೧.೯ ಮತಗಳಿಂದ ತೀರ್ಮಾನಿಸಿದರು. ಬಿಡುವುದು ನಿಶ್ಚಯವಾದರೂ ಯಾವ ರೀತಿಯಲ್ಲಿ ಬಿಡುವುದೆಂಬುದು ನಿಶ್ಚಯವಾಗಿರಲಿಲ್ಲ. ೨೦೨೦ನೆಯ ಜನವರಿ ೩೧ರಂದು ಆ ದೇಶವು ಹೊರಬರುವಷ್ಟರಲ್ಲಿ ಇಬ್ಬರು ಪ್ರಧಾನಮಂತ್ರಿಗಳು ಅಧಿಕಾರವನ್ನು ತ್ಯಜಿಸಿದ್ದರು. ಮತ್ತೊಮ್ಮೆ ಜನಮತವನ್ನು ಕೇಳಬೇಕೆಂಬ ವಿಜ್ಞಾಪನೆಗೆ ೪೦ ಲಕ್ಷಕ್ಕೂ ಮಿಕ್ಕ ಸಹಿಗಳು ಬಿದ್ದವು. ಅಲ್ಲಿ ನೆಲಸಿದ್ದ ಸುಮಾರು ೩೦ ಲಕ್ಷ ಐರೋಪ್ಯರಿಗಾದರೋ, ಆಳುವವರು ಯಾರೆಂಬುದಕ್ಕಿಂತ ತಮಗೆ ಹಿಂದೆ ದೊರೆತಿದ್ದ ವಾಸದ ಹಕ್ಕು ಉಳಿಯುವುದೇ ಎಂಬುದೇ ಹಿರಿದಾದ ಪ್ರಶ್ನೆಯಾಯಿತು. ಹೊಯ್ಸಳ ಶಾಸನಗಳನ್ನು ಓದುವಾಗಲೂ ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದು ಯುಕ್ತ.

ಮೊದಲನೆಯ ನಿದರ್ಶನವು ಅರಸೀಕೆರೆಯದು. ರೇಚರಸನು ಕಳಚುರ್ಯರ ದಂಡನಾಯಕನಾಗಿದ್ದವನು; ವಸುಧೈಕಬಾಂಧವನೆಂಬ ಬಿರುದುಳ್ಳವನು. ೧೧೮೪ರ ಸುಮಾರಿಗೆ ಕಳಚುರ್ಯರ ಆಳಿಕೆಯು ಮುಗಿಯಿತು. ಅನಂತರ ಅವನು ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯವನ್ನು ಪಡೆದು, ಅರಸಿಯಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠೆ ಮಾಡಿಸಿದನು. ಇದರ ಶಾಸನದ ಕಾಲ ೧೨೨೦. ಒಡೆಯನ ರಾಜ್ಯವು ಅಳಿದುದನ್ನು ಕಣ್ಣಾರೆ ಕಂಡಿದ್ದ ಈ ಅಧಿಕಾರಿಯು ತನ್ನ ಧರ್ಮಕಾರ್ಯಕ್ಕೆ ಊರಿನ ಭವ್ಯಸಮುದಾಯದ ಭಕ್ತಿಯನ್ನೇ ಆಧಾರವಾಗಿ ಆರಿಸಿಕೊಂಡನೆಂಬುದು ಗಮನಾರ್ಹ. ಅರಸನಿಂದ ದತ್ತಿ ದೊರೆಯಿತು, ನಿಜ. ಆದರೆ ಬಸದಿಯನ್ನು ನಡಸಿಕೊಂಡು ಬರುವ ಭಾರವು ಊರಿನವರ ಮೇಲೆ ನಿಂತಿತು.

ಹೆಚ್ಚುಕಡಮೆ ಅದೇ ಕಾಲಕ್ಕೆ ಸೇರಿದ, ಆದರೆ ಇದಕ್ಕೆ ತೀರ ವಿರುದ್ಧವಾದ ನಡತೆಯನ್ನು ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಸ್ತಂಭವು ತಿಳಿಸುತ್ತದೆ. ಸುಮಾರು ೧೨೨೦ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಳ್ಳಲು, ಗರುಡನಾದ ಕುವರ ಲಕ್ಷ್ಮನು ತನ್ನ ಹೆಂಡತಿ ಸುಗ್ಗಲದೇವಿಯೊಡನೆಯೂ ತನ್ನ ಭಟರೊಡನೆಯೂ ಪ್ರಾಣವನ್ನರ್ಪಿಸಿದನು. ತಮ್ಮ ತಲೆಗಳನ್ನು ತಾವೇ ಕಡಿದುಕೊಳ್ಳುವ ವೀರರ ರೂಪಗಳು ಕಂಬದ ಮೇಲುಂಟು. ವೇಳೆವಾಳಿಯೆಂಬ ಈ ವ್ರತವು ಒಡೆಯನಿಲ್ಲದ ನಾಳೆಯನ್ನೇ ನಿರಾಕರಿಸುತ್ತದೆ. ರೇಚರಸನು ಒಡೆಯನನ್ನು ಕಳೆದುಕೊಂಡೂ ಬಾಳಿ ಊರನ್ನು ನಂಬಿದನು. ಲಕ್ಷ್ಮನು ಒಡೆಯನೊಡನೆಯೇ ತನ್ನ ಲೋಕವನ್ನು ಮುಗಿಸಿದನು. ಇವೆರಡರಲ್ಲಿ ಸಾಹಿತ್ಯವು ಎರಡನೆಯದನ್ನೇ ಹೆಚ್ಚಾಗಿ ಕೊಂಡಾಡಿತು. ಆದರೆ ವ್ರತಬದ್ಧರಾದ ಗರುಡರು ಎಣಿಕೆಗೆ ಸಿಕ್ಕುವಷ್ಟು ಮಂದಿ. ಒಕ್ಕಲು ಮಾಡಿ, ತೆರಿಗೆ ತೆತ್ತು, ಮುಂದೆಯೂ ಬಾಳಬೇಕಾದವರು ಅಸಂಖ್ಯಾತರು.

ಅಂಥವರ ಕಷ್ಟವು ೧೨೫೪ರ ಅನಂತರ ಹೆಚ್ಚಿತು. ಸೋಮೇಶ್ವರನ ತರುವಾಯ ರಾಜ್ಯವು ಇಬ್ಭಾಗವಾಗಿ, ದೋರಸಮುದ್ರವು ಮುಮ್ಮಡಿ ನರಸಿಂಹನಿಗೂ, ಕಣ್ಣನೂರನ್ನೊಳಗೊಂಡ ತಮಿಳು ನಾಡುಗಳೂ ಕೋಲಾರದ ಪ್ರಾಂತವೂ ರಾಮನಾಥನಿಗೂ ಸೇರಿದುವು. ಅಣ್ಣತಮ್ಮಂದಿರೊಳಗೆ ಯುದ್ಧಗಳು ನಡೆದುವು. ಇದಲ್ಲದೆ ೧೨೭೬ರಲ್ಲಿ ಸೇವುಣರ ಸೇನಾನಿಯಾದ ಸಾಳುವ ತಿಕ್ಕಮನು ದೋರಸಮುದ್ರಕ್ಕೆ ಸಮೀಪದ ಬೆಳವಾಡಿಯವರೆಗೆ ಬಂದು ಸೋತು ಹಿಂದಿರುಗಿದನು. ರಾಮನಾಥನ ವಂಶವು ಮುಗಿದ ಮೇಲೆ ಮುಮ್ಮಡಿ ಬಲ್ಲಾಳನು ಎರಡು ಭಾಗಗಳನ್ನೂ ಒಂದುಗೂಡಿಸಿದನು. ಆಗ, ೧೩೦೧ರಲ್ಲಿ, ಅವನು ಹೊಸದಾಗಿ ಕೈಸೇರಿದ ನಾಡುಗಳ ಮಠಸ್ಥಾನಗಳ ಅಧಿಪತಿಗಳಿಗೆ ಆಜ್ಞೆಗಳನ್ನು ಕಳುಹಿಸಿ, ಶಿವಾಲಯ, ವಿಷ್ಣ್ವಾಲಯ, ಮಠ, ಜೈನಪಳ್ಳಿಗಳ ಭೂಮಿಗಳಿಗೆ ತೆರಿಗೆಗಳನ್ನು ಬಿಟ್ಟನು. ಇದನ್ನು ಕೇವಲ ರಾಜನ ಔದಾರ್ಯವೆಂದು ತಿಳಿದರೆ ಅರ್ಥವು ಅರ್ಧವಾಗುತ್ತದೆ. ಹಳೆಯ ಅರಸನು ಕೊಟ್ಟುದನ್ನು ಹೊಸ ಅರಸನು ನಡಸುವನೇ ಎಂಬ ಶಂಕೆಗೆ ಇದು ಉತ್ತರ. ಜನರು ಏನನ್ನು ಕಳೆದುಕೊಳ್ಳುವೆವೆಂದು ಅಂಜಿದ್ದರೆಂಬುದು ಅರಸನ ಆಶ್ವಾಸನದಿಂದಲೇ ಊಹ್ಯವಾಗುತ್ತದೆ.

ನೆಮ್ಮದಿಯು ಬಹುಕಾಲ ನಿಲ್ಲಲಿಲ್ಲ. ೧೩೧೧ರಲ್ಲಿ, ಪಾಂಡ್ಯರ ಅಂತಃಕಲಹದ ನಿಮಿತ್ತ ಬಲ್ಲಾಳನು ದಕ್ಷಿಣಕ್ಕೆ ಹೋಗಿದ್ದಾಗ, ಮಲಿಕ್ ಕಾಫೂರನು ದೋರಸಮುದ್ರವನ್ನು ಮುತ್ತಿದನು. ಬಲ್ಲಾಳನು ಧನವನ್ನೂ ಆನೆಗಳನ್ನೂ ಒಪ್ಪಿಸಿ ಸಂಧಿ ಮಾಡಿಕೊಂಡನು; ರಾಜಕುಮಾರ ವಿರೂಪಾಕ್ಷ ಬಲ್ಲಾಳನು ದೆಹಲಿಗೆ ಹೋಗಬೇಕಾಯಿತು. ೧೩೧೩ರಲ್ಲಿ ಅವನು ಹಿಂದಿರುಗಿದುದನ್ನು ಶಿವಮೊಗ್ಗೆಯ ಕಡೆಯ ಶಾಸನವೊಂದು ಸ್ಮರಿಸಿ, ಆ ಸಂದರ್ಭದಲ್ಲಿ ದೇವರಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ರಾಜಕುಟುಂಬದ ಸಂತೋಷವೂ ಕೂಡ ದೇವಾಲಯಕ್ಕೆ ಸಲ್ಲುವ ಆದಾಯದ ರೂಪವನ್ನು ತಾಳಿ ಕಲ್ಲಿನಲ್ಲಿ ಉಳಿಯಿತು.

ಶಾಸನಗಳನ್ನು ಬರೆಸಿದವರು ಶಕ್ತರು. ಬರೆಸಲಾರದವರ ಮಾತು ಅವುಗಳಲ್ಲಿ ನೇರವಾಗಿ ಕೇಳಿಸದು. ತುಱುಗೋಳಿನಲ್ಲಿಯೂ ಊರಳಿವಿನಲ್ಲಿಯೂ ಮಡಿದವರ ವೀರಗಲ್ಲುಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಅವುಗಳಲ್ಲಿ ಆಳುವ ಅರಸನ ಹೆಸರು ಮೊದಲು ಬಂದರೂ, ಸತ್ತವನು ಕಾದಿದುದು ತನ್ನ ಊರಿನ ದನಕ್ಕಾಗಿ.

ಇನ್ನು ಶಾಸನಾಂತ್ಯದ ಶಾಪವಾಕ್ಯಗಳ ವಿಷಯ. ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಮಾತು ಎಲ್ಲೆಲ್ಲಿಯೂ ಬರುವುದರಿಂದ, ಪಾಠ ಹೇಳುವವರು ಅದನ್ನು ರೂಢಿಯ ಮಾತೆಂದು ಬಿಟ್ಟುಬಿಡುವುದುಂಟು. ಆದರೆ ಆ ಶಾಪವು ಆಳುತ್ತಿರುವ ಅರಸನೊಬ್ಬನಿಗೇ ಅಲ್ಲ, ಹೆಸರು ತಿಳಿಯದ ಮುಂದಿನ ಅರಸನಿಗೂ ಉದ್ದೇಶಿಸಿದುದು. 'ಆಚಂದ್ರಾರ್ಕ' ಎಂದು ಬರೆಸಿದವರಿಗೆ ರಾಜವಂಶವು ಅಷ್ಟು ಕಾಲ ನಿಲ್ಲದೆಂಬುದು ಚೆನ್ನಾಗಿ ಗೊತ್ತಿತ್ತು. ಆದುದರಿಂದ ವಂಶಾವಳಿಯ ಪದ್ಯಗಳನ್ನು ಓದುವಷ್ಟೇ ಎಚ್ಚರದಿಂದ ಶಾಪಾಶಯವನ್ನೂ ಓದುವುದು ಉಚಿತ. ಮೊದಲನೆಯ ಭಾಗದಲ್ಲಿ ಅರಸನ ಹೆಮ್ಮೆಯಿದ್ದರೆ, ಕೊನೆಯ ಭಾಗದಲ್ಲಿ ಪ್ರಜೆಗಳ ಅಂಜಿಕೆಯೂ ಅದಕ್ಕೆ ಅವರು ಕಂಡುಕೊಂಡ ಪರಿಹಾರವೂ ಇವೆ.